ಮರಗೆಲಸದ ಕೋಣೆಗೆ ಕರೆಯದೆ ಬಂದವರು

ಈ ತಿಂಗಳು ಬಂದ ಪತ್ರಗಳಲ್ಲಿ ಮೂರು, ವಾರದ ಕೊನೆಯಲ್ಲಿ ಮನೆಯಲ್ಲೇ ಮರಗೆಲಸ ಮಾಡುವವರವು. ಮೂವರ ಅಳಲೂ ಒಂದೇ ಬಗೆಯದಾದ್ದರಿಂದ ಒಟ್ಟಿಗೆ ಉತ್ತರಿಸಿದ್ದೇನೆ.

ಪ್ರಶ್ನೆ: ಗೋವಾದ ಪೋಂಡಾ ಸಮೀಪ ನಮ್ಮ ಮನೆ. ಹಿತ್ತಿಲಿನ ಕೆಂಪುಕಲ್ಲಿನ ಕೊಟ್ಟಿಗೆಯಲ್ಲಿ ಭಾನುವಾರಗಳಂದು ಮಣೆ, ಸ್ಟೂಲು ಮಾಡುತ್ತೇನೆ. ಗೋಡೆಗೆ ಒರಗಿಸಿಟ್ಟ ಹಲಸಿನ ಹಲಗೆಗಳ ಹಿಂದೆ ಹಾವಿನ ಪೊರೆ ಸಿಕ್ಕಿತು. ಕಳೆದ ವಾರ ರಾತ್ರಿ ಬಿಳಿ ಪಟ್ಟೆಗಳಿದ್ದ ಹಾವೊಂದು ಅಲ್ಲೇ ನುಸುಳಿದ್ದನ್ನು ಕಂಡೆ. ಕಾರ್ಬಾಲಿಕ್ ಆಮ್ಲ ಸಿಂಪಡಿಸಿದರೆ ಸಾಕು ಎನ್ನುತ್ತಾರೆ ನೆರೆಯವರು. ನಿಜವೇ?

ಉತ್ತರ: ಆ ಆಮ್ಲವನ್ನು ದಯವಿಟ್ಟು ಕೊಳ್ಳಬೇಡಿ. ಅದಾಗಲಿ, ಬೆಳ್ಳುಳ್ಳಿಯ ನೀರಾಗಲಿ ಹಾವನ್ನು ದೂರ ಇಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆಮ್ಲ ನಿಮ್ಮ ಚರ್ಮವನ್ನು ಸುಡುವುದು ಮಾತ್ರ ಖಚಿತ. ಹಾವು ನಿಮ್ಮನ್ನು ಹುಡುಕಿಕೊಂಡು ಬಂದದ್ದಲ್ಲ. ದೀಪಕ್ಕೆ ಹುಳುಗಳು ಬರುತ್ತವೆ, ಹುಳುಗಳಿಗಾಗಿ ಹಲ್ಲಿಗಳು ಬರುತ್ತವೆ, ಉಜ್ಜುಗೊರಡಿನಿಂದ ಉದುರಿದ ಸಿಪ್ಪೆಯ ರಾಶಿಯಲ್ಲಿ ಇಲಿ ಮರಿ ಹಾಕುತ್ತದೆ. ಇವುಗಳ ಬೆನ್ನು ಹತ್ತಿ ಬಂದ ಹಾವು, ಒರಗಿಸಿಟ್ಟ ಹಲಗೆಗಳ ಹಿಂದಿನ ತಂಪಾದ ಕತ್ತಲೆಯಲ್ಲಿ ಉಳಿದುಕೊಳ್ಳುತ್ತದೆ.

ಆದ್ದರಿಂದ ಮೊದಲು ಬದಲಾಗಬೇಕಾದದ್ದು ನೀವು ಹಲಗೆ ಇಡುವ ಕ್ರಮ. ಗೋಡೆಯಿಂದ ಒಂದಡಿ ಈಚೆಗೆ, ನೆಲದಿಂದ ಒಂದೂವರೆ ಅಡಿ ಎತ್ತರದ ಕಾಲುಗಳ ಮೇಲೆ ಹಲಗೆಗಳನ್ನು ಮಲಗಿಸಿ, ಒಂದೊಂದರ ನಡುವೆಯೂ ಒಂದೇ ದಪ್ಪದ ರೀಪುಗಳನ್ನು ಎರಡಡಿಗೊಂದರಂತೆ, ಮೇಲಿನಿಂದ ಕೆಳಗಿನವರೆಗೆ ನೇರ ಸಾಲಿನಲ್ಲಿ ಬರುವಂತೆ ಇಡಿ. ಇದು ಹಾವಿಗಾಗಿ ಹುಟ್ಟಿದ ಉಪಾಯವಲ್ಲ, ಮರ ಒಣಗಿಸುವವರ ಹಳೆಯ ಪದ್ಧತಿ. ಒಂದಂಗುಲ ದಪ್ಪದ ಹಲಗೆ ನೆರಳಿನಲ್ಲಿ ಒಣಗಲು ಸುಮಾರು ಒಂದು ವರ್ಷ ಬೇಕೆಂಬುದು ಬಡಗಿಗಳ ಲೆಕ್ಕ; ನಿಮ್ಮ ಊರಿನ ಮಳೆಗಾಲದಲ್ಲಂತೂ ಒಣಗಿದ ಮರವೂ ಗಾಳಿಯ ತೇವ ಹೀರಿ ಮತ್ತೆ ಉಬ್ಬುತ್ತದೆ. ಹೀಗೆ ಪೇರಿಸಿದ ಹಲಗೆ ಡೊಂಕಾಗದೆ ಒಣಗುತ್ತದೆ, ನೆಲದಿಂದ ಗೆದ್ದಲು ಏರಿದರೆ ಕಾಲುಗಳ ಮೇಲೆ ಮಣ್ಣಿನ ಗೆರೆ ಕಾಣಿಸುತ್ತದೆ, ಟಾರ್ಚ್ ಹಿಡಿದರೆ ಬೆಳಕು ಆಚೆ ಬದಿಗೆ ತಲುಪುತ್ತದೆ. ಅಷ್ಟು ಬಯಲಾದ ಜಾಗದಲ್ಲಿ ಹಾವು ಹಗಲು ಕಳೆಯುವುದು ಅಪರೂಪ. ಸಿಪ್ಪೆಯನ್ನು ಅಂದಂದೇ ಗೋಣಿಗೆ ತುಂಬಿ ಹೊರಗೆ ಸಾಗಿಸಿ. ಗಿಲಾವು ಮಾಡದ ಕೆಂಪುಕಲ್ಲಿನ ಗೋಡೆಯಲ್ಲಿ ತೂತುಗಳು ಹೆಚ್ಚಾದ್ದರಿಂದ, ಕಿರುಬೆರಳು ತೂರುವಷ್ಟು ಸಂದಿಯಿದ್ದರೂ ಗಾರೆ ಹಾಕಿ ಮುಚ್ಚಿ.

ನೀವು ಕಂಡದ್ದು ಹಲ್ಲಿಗಳನ್ನು ತಿನ್ನುವ ವಿಷರಹಿತ ತೋಳಹಾವೂ ಆಗಿರಬಹುದು, ಮಾರಕವಾದ ಕಟ್ಟುಹಾವೂ ಆಗಿರಬಹುದು. ತೋಳಹಾವಿನ ಪಟ್ಟೆಗಳು ಕತ್ತಿನ ಬಳಿ ಎದ್ದು ಕಂಡು ಬಾಲದತ್ತ ಮಸುಕಾಗುತ್ತವೆ. ಕಟ್ಟುಹಾವಿನಲ್ಲಿ ಇದು ತಿರುಗುಮುರುಗು, ಜೊತೆಗೆ ಬೆನ್ನಿನ ನಡುಸಾಲಿನ ಹುರುಪೆಗಳು ದೊಡ್ಡವು, ಆರು ಮೂಲೆಯವು. ಇದನ್ನು ತಿಳಿವಳಿಕೆಗಾಗಿ ಹೇಳಿದೆನೇ ಹೊರತು ಹತ್ತಿರ ಹೋಗಿ ಪರೀಕ್ಷಿಸಲೆಂದಲ್ಲ. ಕಟ್ಟುಹಾವು ರಾತ್ರಿ ಸಂಚರಿಸುವಂಥದ್ದು, ಅದರ ಕಡಿತ ಎಷ್ಟೋ ಬಾರಿ ನೋವನ್ನೇ ತರದೆ ಉಸಿರಾಟದ ಸ್ನಾಯುಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಹಲಗೆ ಎತ್ತುವ ಮೊದಲು ಕೋಲಿನಿಂದ ತಟ್ಟಿ, ಮುಚ್ಚಿದ ಬೂಟು ಧರಿಸಿ, ಕತ್ತಲಾದ ಮೇಲೆ ರಾಶಿಗೆ ಕೈ ಹಾಕಬೇಡಿ. ಕಚ್ಚಿತೆಂಬ ಸಂಶಯ ಬಂದರೂ ಸಾಕು, ಕಟ್ಟು ಬಿಗಿಯದೆ, ಕೊಯ್ಯದೆ, ಆ ಅಂಗವನ್ನು ಅಲುಗಾಡಿಸದೆ 108ಕ್ಕೆ ಕರೆ ಮಾಡಿ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ ಆದ್ದರಿಂದ ಹಾವನ್ನು ಹೊಡೆದು ಆಸ್ಪತ್ರೆಗೆ ಒಯ್ಯುವ ಅಗತ್ಯವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿರುವಾಗ ಹಾಗೆ ಹೊಡೆಯುವುದು ಅಪರಾಧವೂ ಆದೀತು. ಅರಣ್ಯ ಇಲಾಖೆಗೆ ತಿಳಿಸಿದರೆ ಹಿಡಿಯಬಲ್ಲವರನ್ನು ಕಳುಹಿಸುತ್ತಾರೆ. ಮಹಾರಾಷ್ಟ್ರದ ಓದುಗರಿಗೆ ಇದಕ್ಕಾಗಿ 1926 ಸಂಖ್ಯೆಯಿದೆ.

ಪ್ರಶ್ನೆ: ಪುಣೆಯ ಕೋಥ್ರೂಡ್‌ನಲ್ಲಿ ನಮ್ಮ ಗ್ಯಾರೇಜೇ ನನ್ನ ಕಾರ್ಯಶಾಲೆ. ಮಾವಿನ ಹಲಗೆಯಲ್ಲಿ ಮಾಡಿದ ಪುಸ್ತಕದ ಕಪಾಟಿನ ಕೆಳಗೆ ಆರು ತಿಂಗಳ ನಂತರ ಬಿಳಿ ಪುಡಿ ಬೀಳುತ್ತಿದೆ. ಇದು ಗೆದ್ದಲೇ?

ಉತ್ತರ: ಪುಡಿಯನ್ನು ಕಪ್ಪು ಕಾಗದದ ಮೇಲೆ ಹಾಕಿ ಬೆರಳಿನಿಂದ ಉಜ್ಜಿ ನೋಡಿ. ಮೈದಾ ಹಿಟ್ಟಿನಂತೆ ನುಣುಪಾಗಿದ್ದು, ಹಲಗೆಯ ಮೇಲೆ ಗುಂಡುಸೂಜಿಯಿಂದ ಚುಚ್ಚಿದಂಥ ತೂತುಗಳಿದ್ದರೆ ಅದು ಕುಟ್ಟೆ ಹುಳು. ಗಸಗಸೆಯಂತೆ ಕಾಳುಕಾಳಾಗಿದ್ದರೆ ಒಣಮರದ ಗೆದ್ದಲು. ನೆಲದ ಗೆದ್ದಲಾಗಿದ್ದರೆ ಪುಡಿಯ ಬದಲು ಮಣ್ಣಿನ ಸುರಂಗ ಕಾಣುತ್ತಿತ್ತು. ನಿಮ್ಮ ವರ್ಣನೆಗೆ ಕುಟ್ಟೆಯೇ ಹೊಂದುತ್ತದೆ. ಆ ತೂತು ಹುಳು ಒಳಹೊಕ್ಕ ದಾರಿಯಲ್ಲ, ಮರದೊಳಗೆ ತಿಂಗಳುಗಟ್ಟಲೆ ತಿಂದು ಬೆಳೆದು ಹೊರಬಂದ ದಾರಿ. ಎಂದರೆ, ನೀವು ಕಪಾಟು ಕಟ್ಟುವಾಗಲೇ ಮೊಟ್ಟೆಗಳೋ ಮರಿಗಳೋ ಹಲಗೆಯಲ್ಲಿದ್ದಿರಬೇಕು.

ಅದಕ್ಕೆ ಬೇಕಾದದ್ದು ಮರದ ಬಿಳಿಭಾಗದಲ್ಲಿರುವ ಪಿಷ್ಟ. ಚೇಗು, ಎಂದರೆ ಗಟ್ಟಿಯಾದ ಒಳಮರ, ಹೆಚ್ಚಿರುವ ಸಾಗುವಾನಿಯನ್ನೋ ಹಲಸನ್ನೋ ಅದು ಮುಟ್ಟದಿರುವುದಕ್ಕೂ, ಮಾವು, ರಬ್ಬರ್ ಮರಗಳಿಗೆ ಮುಗಿಬೀಳುವುದಕ್ಕೂ ಇದೇ ಕಾರಣ. ಒಮ್ಮೆ ನಾನು ಇಂಥ ತೂತುಗಳಿಗೆ ಮೇಣ ತುಂಬಿ ಪಾಲಿಶ್ ಹಚ್ಚಿಬಿಟ್ಟೆ. ಮುಂದಿನ ಬೇಸಿಗೆಯಲ್ಲಿ ಹುಳುಗಳು ಪಾಲಿಶನ್ನೇ ಕೊರೆದು ಹೊರಬಂದವು. ನೀವು ಪಾಲಿಶನ್ನು ಪೂರ್ತಿ ಉಜ್ಜಿ ತೆಗೆದು, ಮೂರು ಪಾಲು ಬೊರಾಕ್ಸಿಗೆ ಎರಡು ಪಾಲು ಬೋರಿಕ್ ಆಮ್ಲ ಬೆರೆಸಿ, ಆ ಮಿಶ್ರಣದ ಐವತ್ತು ಗ್ರಾಮನ್ನು ಒಂದು ಲೀಟರ್ ಬಿಸಿನೀರಿನಲ್ಲಿ ಕರಗಿಸಿ, ಬರಿಮರಕ್ಕೆ ಎರಡು ಮೂರು ಬಾರಿ ಬಳಿಯಿರಿ, ತೂತುಗಳೊಳಗೆ ಸಿರಿಂಜಿನಿಂದ ತುಂಬಿರಿ. ಒಣಗಿದ ಮೇಲೆ ಕಪಾಟಿನ ಬೆನ್ನು ಮತ್ತು ತಳವನ್ನೂ ಬಿಡದೆ ಪಾಲಿಶ್ ಮಾಡಿ, ಏಕೆಂದರೆ ಹೆಣ್ಣು ಹುಳು ಮೊಟ್ಟೆಯಿಡುವುದು ತೆರೆದ ರಂಧ್ರಗಳಲ್ಲಿ. ಮಣೆ, ರೊಟ್ಟಿ ಹಲಗೆಯಂಥ ಅಡುಗೆಯ ವಸ್ತುಗಳಿಗೆ ಮಾತ್ರ ಈ ದ್ರಾವಣ ಬೇಡ.

ಪ್ರಶ್ನೆ: ಠಾಣೆಯಲ್ಲಿ ಯೇವೂರು ಬೆಟ್ಟದ ತಪ್ಪಲಿನಲ್ಲಿ ವಾಸ. ಡ್ರಿಲ್ ಯಂತ್ರದ ಸೀಳುಗಳಲ್ಲಿ ಮಣ್ಣು ಮೆತ್ತಿದೆ, ಸೂರಿನ ತೊಲೆಯನ್ನು ದೊಡ್ಡ ಕಪ್ಪು ದುಂಬಿ ಕೊರೆಯುತ್ತಿದೆ. ಹೊಗೆ ಹಾಕಿ ಓಡಿಸಲೇ?

ಉತ್ತರ: ಹೊಗೆ ಬೇಡ. ಮಣ್ಣು ಮೆತ್ತಿದ್ದು ಕುಂಬಾರ ಕಣಜ. ಅದು ಗುಂಪಾಗಿ ಬದುಕುವುದಿಲ್ಲ, ಗೂಡಿಗಾಗಿ ಮೇಲೆ ಬಿದ್ದು ಕಚ್ಚುವುದೂ ವಿರಳ. ಮರಿಗಾಗಿ ಜೇಡವನ್ನೋ ಕಂಬಳಿಹುಳುವನ್ನೋ ನಿಶ್ಚೇಷ್ಟಗೊಳಿಸಿ ಒಳಗಿಟ್ಟು ಬಾಯಿ ಮುಚ್ಚಿ ಹೋಗುತ್ತದೆ. ಆದರೆ ಮೋಟಾರು ತಣಿಯಲು ಗಾಳಿ ಹೋಗುವ ಸೀಳು ಕಟ್ಟಿಕೊಂಡರೆ ಸುರುಳಿ ಸುಟ್ಟುಹೋದೀತು, ಆದ್ದರಿಂದ ಯಂತ್ರಗಳನ್ನು ಬಟ್ಟೆಯ ಚೀಲದಲ್ಲಿಡಿ, ಪ್ರತಿ ಶನಿವಾರ ಚಾಲೂ ಮಾಡುವ ಮೊದಲು ಸೀಳುಗಳನ್ನು ನೋಡಿ.

ಮರ ಕೊರೆಯುವ ದುಂಬಿ ಮರವನ್ನು ತಿನ್ನುವುದಿಲ್ಲ, ಮನೆ ಮಾಡಿಕೊಳ್ಳುತ್ತದೆ. ಅದರ ಗಂಡಿಗೆ ಕೊಂಡಿಯೇ ಇಲ್ಲ. ಎಕ್ಕದ ಹೂವಿಗೆ ಪರಾಗಸ್ಪರ್ಶ ಮಾಡಬಲ್ಲ ಕೆಲವೇ ಕೀಟಗಳಲ್ಲಿ ಅದೂ ಒಂದೆಂಬುದನ್ನು ನೆನೆದು ನಾನಂತೂ ಅದನ್ನು ಕೊಲ್ಲಲಾರೆ. ಬಣ್ಣವಿಲ್ಲದ ಒಣಮರವೇ ಅದಕ್ಕೆ ಇಷ್ಟವಾದ್ದರಿಂದ, ಮರಿಗಳು ಹೊರಬಿದ್ದ ಮೇಲೆ ತೂತಿಗೆ ಮರದ ಬೆಣೆ ಬಡಿದು ತೊಲೆಗೆ ಎಣ್ಣೆಬಣ್ಣ ಹಚ್ಚಿ, ಅಂಗಳದ ಬೇಲಿಗೆ ಒಣಬಿದಿರಿನ ನಾಲ್ಕಾರು ತುಂಡುಗಳನ್ನು ಅಡ್ಡಲಾಗಿ ಕಟ್ಟಿಡಿ. ಅವು ಅಲ್ಲಿ ಗೂಡು ಮಾಡುತ್ತವೆ.