ಲೆಕ್ಕದ ಪುಸ್ತಕದಲ್ಲಿ ಬರೆಯದ ಸಾಲ

ನಾನು ಆಪ್ತಸಮಾಲೋಚಕಿ. ನನ್ನ ಹತ್ತಿರ ಬಂದ ಒಬ್ಬರ ಕಥೆ ಇದು, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಎಂದು ಕೆಲಸ, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದ್ದೇನೆ.

ಅವರು 40ರ ಆಸುಪಾಸಿನ ಮಹಿಳೆ. ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಗಂಡನಿಗೂ ಕೆಲಸವಿತ್ತು. ಆದರೆ ಅವರ ಕಂಪನಿ ಸಂಬಳ ಕಡಿತ ಮಾಡಿ ವರ್ಷ ದಾಟಿತ್ತು. ಈಕೆ ನನ್ನ ಹತ್ತಿರ ಬಂದದ್ದು ಹಣದ ವಿಚಾರಕ್ಕಲ್ಲ. "ನಿದ್ದೆ ಬರಲ್ಲ ಮೇಡಂ. ಮಕ್ಕಳ ಮೇಲೆ ಸುಮ್‌ಸುಮ್ನೆ ರೇಗ್ತೀನಿ. ಆಮೇಲೆ ಅಳು ಬರುತ್ತೆ" ಎಂದರು. ಹಣದ ಕಷ್ಟ ಹೀಗೇ ಬರುತ್ತದೆ, ಬೇರೆ ಹೆಸರು ಹೇಳಿಕೊಂಡು. ತಲೆನೋವು, ನಿದ್ದೆಗೇಡು, ಗಂಡ ಹೆಂಡತಿ ಜಗಳ ಎಂದು ಬಂದವರನ್ನು "ಮನೆ ಖರ್ಚು ಹೇಗೆ ನಡೀತಿದೆ?" ಎಂದು ಕೇಳುವುದು ನನಗೆ ರೂಢಿ. ಇವರನ್ನೂ ಕೇಳಿದೆ. "ಅದೇನೂ ತೊಂದ್ರೆ ಇಲ್ಲ, ನಾನು ಪೈಸೆ ಪೈಸೆಗೂ ಲೆಕ್ಕ ಇಡ್ತೀನಿ" ಎಂದರು.

ಮುಂದಿನ ಭೇಟಿಗೆ ಆ ಪುಸ್ತಕ ತಂದರು. ನಿಜಕ್ಕೂ ಅಚ್ಚುಕಟ್ಟಾದ ಪುಸ್ತಕ. ಮಗುವಿನ ಪೆನ್ಸಿಲ್, ಬಸ್ಸಿನ ಚಿಲ್ಲರೆ, ಎಲ್ಲವೂ ತಾರೀಕಿನ ಸಮೇತ ಇತ್ತು. ಪುಟದ ಕೊನೆಗೆ ಕೆಂಪು ಶಾಯಿಯಲ್ಲಿ ಒಟ್ಟು ಮೊತ್ತ. ಆದರೆ ಬಂದ ಹಣಕ್ಕೂ ಹೋದ ಹಣಕ್ಕೂ ತಾಳೆಯೇ ಆಗುತ್ತಿರಲಿಲ್ಲ. ಸಂಬಳಕ್ಕಿಂತ ಖರ್ಚು ಜಾಸ್ತಿ ಇತ್ತು, ಆ ಅಂತರ ತುಂಬಿದ್ದು ಯಾವ ದುಡ್ಡು ಎಂದು ಎಲ್ಲೂ ಬರೆದಿರಲಿಲ್ಲ. ನಾನು ಅದನ್ನು ಬೆರಳಿಟ್ಟು ತೋರಿಸಿದಾಗ ಅವರು ಪುಸ್ತಕ ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ ಹೇಳಿದರು: ಒಂದು ಕ್ರೆಡಿಟ್ ಕಾರ್ಡ್, ಮೊಬೈಲ್ ಆಪ್‌ನಲ್ಲಿ ತೆಗೆದ ಒಂದು ಸಾಲ, ಜೊತೆಯಲ್ಲಿ ಕೆಲಸ ಮಾಡುವವರ ಹತ್ತಿರ ಪಡೆದ ಕೈಗಡ. ಗಂಡನಿಗೆ ಗೊತ್ತಿದ್ದದ್ದು ಕಾರ್ಡ್ ಇದೆ ಎನ್ನುವುದಷ್ಟೇ. ಅದರಲ್ಲಿ ಎಷ್ಟು ಬಾಕಿ ಇದೆ ಎಂದು ಇವರಿಗೇ ಗೊತ್ತಿರಲಿಲ್ಲ. ಬಿಲ್ಲಿನ ಮೆಸೇಜ್ ಬಂದರೆ ಓದದೆ ಅಳಿಸುತ್ತಿದ್ದರು.

ಹೊರಗಿನಿಂದ ನೋಡಿದವರು ಇದನ್ನು ಬೇಜವಾಬ್ದಾರಿ ಎನ್ನಬಹುದು. ನಾನು ಹಾಗೆ ಹೇಳುವುದಿಲ್ಲ. ಪೆನ್ಸಿಲ್ಲಿನ ಲೆಕ್ಕ ಇಡುವವರು ಬೇಜವಾಬ್ದಾರಿಯ ಹೆಂಗಸಲ್ಲ. ಸಾಲ ಮಾಡಿದವರು ಕೆಟ್ಟವರು ಎಂಬ ಮಾತು ಅವರ ಮನಸ್ಸಿನಲ್ಲಿ ಚಿಕ್ಕಂದಿನಿಂದ ಕೂತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಅವರ ತಂದೆ ದಿನಾ ಹೇಳುತ್ತಿದ್ದರಂತೆ. ಒಳ್ಳೆಯ ಮಾತೇ. ಆದರೆ ಇಲ್ಲಿ ಕಾಲು ಉದ್ದವಾಗಿರಲಿಲ್ಲ, ಹಾಸಿಗೆಯೇ ಗಿಡ್ಡವಾಗಿತ್ತು. ಬಾಡಿಗೆ, ಫೀಸು, ಔಷಧಿ ಯಾವುದೂ ಸಂಬಳದ ಜೊತೆ ಇಳಿಯಲಿಲ್ಲ. ಅಷ್ಟಾದರೂ ತಪ್ಪೆಲ್ಲ ತನ್ನದೇ ಎಂದುಕೊಂಡು, ತಪ್ಪಿನ ಗುರುತನ್ನು ಕಣ್ಣಿಗೆ ಬೀಳದಂತೆ ಇಟ್ಟಿದ್ದರು.

ನಾಚಿಕೆಗೂ ಬಡ್ಡಿ ಇದೆ. ನೋಡಲು ಹೆದರಿದ್ದರಿಂದ ಅವರು ಪ್ರತಿ ತಿಂಗಳೂ ಕಾರ್ಡಿಗೆ ಮಿನಿಮಮ್ ಡ್ಯೂ, ಅಂದರೆ ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ, ಮಾತ್ರ ಕಟ್ಟಿ ಸುಮ್ಮನಾಗುತ್ತಿದ್ದರು. ಅದರ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ತೋರಿಸಿದೆ. ಬಾಕಿ 100 ಇದೆ, ಬಡ್ಡಿ ತಿಂಗಳಿಗೆ ಶೇ. 3, ಪ್ರತಿ ತಿಂಗಳೂ ಬಡ್ಡಿ ಸೇರಿದ ಬಾಕಿಯ ಶೇ. 5 ಮಾತ್ರ ಕಟ್ಟುತ್ತೇವೆ ಎಂದುಕೊಳ್ಳಿ. ಮೊದಲ ತಿಂಗಳು ಕಟ್ಟಿದ 5 ಚಿಲ್ಲರೆಯಲ್ಲಿ 3 ಬಡ್ಡಿಗೇ ಹೋಗುತ್ತದೆ. ಕಾರ್ಡನ್ನು ಮತ್ತೆ ಉಜ್ಜದೇ ಇದ್ದರೂ ವರ್ಷದ ಕೊನೆಗೆ ಒಟ್ಟು ಸುಮಾರು 55 ಕಟ್ಟಿರುತ್ತೀರಿ, ಬಾಕಿ ಇನ್ನೂ 77 ಉಳಿದಿರುತ್ತದೆ. ಅವರು ಆ ಹಾಳೆಯನ್ನು ತುಂಬಾ ಹೊತ್ತು ನೋಡಿದರು. "ಅಷ್ಟೂ ತಿಂಗಳು ಕಟ್ಟಿದ್ದು ಎಲ್ಲಿ ಹೋಯ್ತು ಅಂತ ಈಗ ಗೊತ್ತಾಯ್ತು" ಎಂದರು.

ಆಮೇಲೆ ನನ್ನ ಮುಂದೆಯೇ ಫೋನ್ ತೆಗೆದು ಕಾರ್ಡಿನ, ಆಪ್ ಸಾಲದ ಬಾಕಿಗಳನ್ನು ನೋಡಬಹುದೇ ಎಂದು ಕೇಳಿದೆ. ಒತ್ತಾಯ ಮಾಡಲಿಲ್ಲ. ಪಾಸ್‌ವರ್ಡ್ ಎರಡು ಸಲ ತಪ್ಪು ಹಾಕಿದರು. ಪುಟ ತೆರೆದ ಮೇಲೆ ಮೊತ್ತವನ್ನು ಗಟ್ಟಿಯಾಗಿ ಓದಲು ಹೇಳಿದೆ. ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಇತ್ತು. ಆದರೂ ಅದನ್ನು ಪುಸ್ತಕದ ಹೊಸ ಪುಟದಲ್ಲಿ ಅವರೇ ಬರೆದರು. ಆ ದಿನ ಇಷ್ಟೇ ಕೆಲಸ. ಉಳಿತಾಯ, ಬಜೆಟ್ ಎಂದು ಏನೂ ಮಾತಾಡಲಿಲ್ಲ. ಹೆದರಿದ ತಲೆಗೆ ಯೋಜನೆ ಹತ್ತುವುದಿಲ್ಲ. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ನನಗೆ ಇಲ್ಲಿ ನೆನಪಾಗುತ್ತದೆ. ಕಬ್ಬು ಬೆಳೆಯುವ ರೈತರಿಗೆ ಕಟಾವಿಗೆ ಮುಂಚೆ, ಕೈಯಲ್ಲಿ ಕಾಸಿಲ್ಲದಾಗ, ಯೋಚನಾಶಕ್ತಿಯ ಪರೀಕ್ಷೆ ಕೊಟ್ಟರು. ಕಟಾವಾಗಿ ಹಣ ಬಂದ ಮೇಲೆ ಅದೇ ರೈತರಿಗೆ ಮತ್ತೆ ಕೊಟ್ಟರು. ಮೊದಲ ಸಲ ಅವರು ಹಿಂದೆ ಬಿದ್ದಿದ್ದರು. ಜನ ಅವರೇ, ಬುದ್ಧಿ ಅದೇ. ಕೊರತೆಯ ಚಿಂತೆ ತಲೆಯ ಜಾಗವನ್ನೆಲ್ಲ ತಿಂದಿತ್ತು. "ನಾನು ದಡ್ಡಿ ಆಗಿಬಿಟ್ಟಿದ್ದೀನಿ, ಸಣ್ಣ ವಿಷಯವೂ ಮರೆತುಹೋಗುತ್ತೆ" ಎಂದು ಈಕೆ ಹೇಳಿದ್ದರು, ಅದಕ್ಕೇ ಇದನ್ನು ವಿವರಿಸಿದೆ.

ಇನ್ನೊಂದು ಪ್ರಶ್ನೆಯನ್ನು ಅದೇ ದಿನ ನೇರವಾಗಿ ಕೇಳಿದೆ: "ಸಾಯಬೇಕು ಅಂತ ಯಾವಾಗಲಾದರೂ ಅನ್ನಿಸಿದೆಯಾ?" ಸಾಲದ ವಿಷಯ ಬಂದಾಗ ಇದನ್ನು ಕೇಳಲೇಬೇಕು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಕೇಳುವುದರಿಂದ ಎದೆ ಹಗುರವಾಗುವುದೇ ಹೆಚ್ಚು. "ಬೆಳಗ್ಗೆ ಏಳದೇ ಇದ್ರೆ ಚೆನ್ನಾಗಿತ್ತು ಅಂತ ಅನ್ಸಿದೆ, ಮಾಡ್ಕೋಬೇಕು ಅಂತ ಯೋಚನೆ ಮಾಡಿಲ್ಲ" ಎಂದರು. ಅಷ್ಟನ್ನೂ ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆ ಯೋಚನೆ ಗಟ್ಟಿಯಾದರೆ ಯಾವ ಹೊತ್ತಾದರೂ ಯಾರಿಗೆ ಫೋನ್ ಮಾಡಬೇಕು, ಎಲ್ಲಿಗೆ ಹೋಗಬೇಕು ಎಂದು ಬರೆದುಕೊಂಡೆವು. ನಿದ್ದೆಗಾಗಿ ಮನೋವೈದ್ಯರ ಹತ್ತಿರ ಕಳಿಸಿದೆ.

ಗಂಡನಿಗೆ ಹೇಳುವುದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ರಾತ್ರಿ ಮಲಗುವ ಹೊತ್ತಿಗೆ ಬೇಡ, ಜಗಳದ ನಡುವೆ ಬೇಡ ಎಂದೆ. ಮಕ್ಕಳಿಲ್ಲದ ಹೊತ್ತು ನೋಡಿ ಪುಸ್ತಕದ ಆ ಪುಟವನ್ನು ಮುಂದಿಟ್ಟು, ಸಮರ್ಥನೆಗೆ ಮೊದಲು ಸತ್ಯ ಹೇಳಿ ಎಂದೆ. "ನಾನು ಇಷ್ಟು ಸಾಲ ಮಾಡಿದ್ದೀನಿ. ನಿಮಗೆ ಹೇಳೋಕೆ ಹೆದರಿದೆ. ಈಗ ಇಬ್ಬರೂ ಕೂತು ದಾರಿ ನೋಡಬೇಕು." ಈ ಮೂರು ಮಾತನ್ನು ನನ್ನ ಮುಂದೆ ಹೇಳಿ ಅಭ್ಯಾಸ ಮಾಡಿದರು. ಗಂಡ ಒಪ್ಪಿ ಸಮಾಧಾನ ಮಾಡಿದರು ಎಂದೇನೂ ಇಲ್ಲ. ಕೆಲವು ದಿನ ಮಾತು ಬಿಟ್ಟರು. ನಂತರ ಜೊತೆಗೆ ಬಂದರು, ಸಿಟ್ಟಿನಲ್ಲೇ. ಅವರಿಗೆ ನೋವಾಗಿದ್ದು ಸಾಲಕ್ಕಲ್ಲ, ಮುಚ್ಚಿಟ್ಟದ್ದಕ್ಕೆ. "ನನ್ನ ಸಂಬಳ ಕಡಿಮೆ ಆಯ್ತು ಅಂತ ನನ್ನ ಹತ್ರ ಕೇಳೋದನ್ನೇ ಬಿಟ್ಲು" ಎಂದರು. ಆ ಸಿಟ್ಟು ನ್ಯಾಯವಾದದ್ದು. ಅದನ್ನು ಹೇಳಿಕೊಳ್ಳಲು ಅವರಿಗೂ ಜಾಗ ಬೇಕಿತ್ತು. ಅದಕ್ಕೇ ಒಂದು ಪೂರ್ತಿ ಭೇಟಿ ಹೋಯಿತು.

ಹಣದ ವಿಚಾರದಲ್ಲಿ ನಾನು ಕೊಟ್ಟ ಸಲಹೆ ಸರಳ. ನಾನು ಹಣಕಾಸಿನ ತಜ್ಞೆಯಲ್ಲ, ಆದರೆ ಯಾವುದು ಮೊದಲು ಎಂದು ಗೊತ್ತಾದರೆ ಭಯ ಇಳಿಯುವುದನ್ನು ನೋಡಿದ್ದೇನೆ. ಊಟ, ಮನೆ, ಔಷಧಿ, ನೀರು-ಕರೆಂಟು, ಕೆಲಸಕ್ಕೆ ಹೋಗಿಬರುವ ಖರ್ಚು ಮೊದಲು. ಯಾರು ಜೋರಾಗಿ ಫೋನ್ ಮಾಡುತ್ತಾರೋ ಅವರಿಗೆ ಮೊದಲು ಕಟ್ಟುವ ಅಭ್ಯಾಸ ಬಿಡಬೇಕು. ಹೊಸ ಸಾಲದಿಂದ ಹಳೆ ಸಾಲ ತೀರಿಸುವುದು ಅವತ್ತಿಗೇ ನಿಲ್ಲಬೇಕು. ಲೆಕ್ಕದ ಪ್ರಕಾರ ಬಡ್ಡಿ ಜಾಸ್ತಿ ಇರುವುದನ್ನು ಮೊದಲು ತೀರಿಸುವುದೇ ಸರಿ. ಇವರ ವಿಷಯದಲ್ಲಿ ಆಪ್ ಸಾಲವೇ ದುಬಾರಿಯಾಗಿತ್ತು, ಮೊತ್ತವೂ ಸಣ್ಣದು. ಹಾಗಾಗಿ ಅದನ್ನೇ ಮೊದಲು ಹಿಡಿದೆವು. ಕಾರ್ಡ್ ಕೊಟ್ಟ ಬ್ಯಾಂಕಿಗೆ ಕಂತು ತಪ್ಪುವ ಮುಂಚೆಯೇ ಹೋಗಿ, ಆದಾಯ ಕಡಿಮೆಯಾದದ್ದನ್ನು ಹೇಳಿ, ಬಾಕಿಯನ್ನು ಕಡಿಮೆ ಬಡ್ಡಿಯ ಕಂತುಗಳಾಗಿ ಮಾಡಿಕೊಡಲು ಕೇಳಿ ಎಂದೆ. ಒಪ್ಪಿದರೆ ಬರಹದಲ್ಲಿ ಪಡೆಯಬೇಕು. ಕೈಗಡ ಕೊಟ್ಟ ಗೆಳತಿಯನ್ನು ತಪ್ಪಿಸಿಕೊಂಡು ಓಡಾಡುವುದಕ್ಕಿಂತ, ತಿಂಗಳಿಗೆ ಇಷ್ಟು ಕೊಡುತ್ತೇನೆ ಎಂದು ಹೇಳಿ ಅಷ್ಟನ್ನು ತಪ್ಪದೆ ಕೊಡುವುದು ಮೇಲು. ಇದರ ನಡುವೆಯೂ ಸ್ವಲ್ಪವಾದರೂ ತುರ್ತಿಗೆ ಎಂದು ಬೇರೆ ಇಡಬೇಕು. ಇಲ್ಲದಿದ್ದರೆ ಮಗುವಿಗೆ ಜ್ವರ ಬಂದ ದಿನ ಮತ್ತೆ ಅದೇ ಆಪ್ ತೆರೆಯಬೇಕಾಗುತ್ತದೆ.

ಮನೆಯಲ್ಲಿ ಸದಾ ಹಣದ ಮಾತೇ ಆಗಬಾರದು ಎಂದು ವಾರಕ್ಕೊಮ್ಮೆ ಅರ್ಧ ಗಂಟೆ ಗೊತ್ತುಮಾಡಿದರು. ಆ ಹೊತ್ತು ಬಿಟ್ಟರೆ ಬೇರೆ ಸಮಯದಲ್ಲಿ ಸಾಲದ ಮಾತಿಲ್ಲ. ಮಕ್ಕಳಿಗೆ "ಈಗ ಮನೆಗೆ ಬರುವ ದುಡ್ಡು ಕಡಿಮೆ ಆಗಿದೆ, ಅದಕ್ಕೆ ಕೆಲವು ಖರ್ಚು ನಿಲ್ಲಿಸಿದ್ದೇವೆ, ಇದು ನಿಮ್ಮಿಂದ ಆಗಿದ್ದಲ್ಲ" ಎಂದಷ್ಟು ಹೇಳಿದರೆ ಸಾಕು. ಸಾಲದ ಮೊತ್ತ ಅವರಿಗೆ ಬೇಡ.

ಜಗಳವಾದ ರಾತ್ರಿ ಈಕೆ ಫೋನಿನಲ್ಲಿ ಏನಾದರೂ ಕೊಳ್ಳುತ್ತಿದ್ದರು. ಹೆಚ್ಚಾಗಿ ಮಕ್ಕಳಿಗೆ. ರೇಗಿದ್ದಕ್ಕೆ ಅದು ಪ್ರಾಯಶ್ಚಿತ್ತ. ಫೋನಿನಲ್ಲಿ ಉಳಿಸಿದ್ದ ಕಾರ್ಡ್ ನಂಬರ್ ತೆಗೆದುಹಾಕಲು ಹೇಳಿದೆ. ರೇಗಿದ್ದಕ್ಕೆ ಮಕ್ಕಳ ಹತ್ತಿರ ಬಾಯಿಬಿಟ್ಟು "ತಪ್ಪಾಯ್ತು" ಎನ್ನಿ ಎಂದೂ ಹೇಳಿದೆ. ಎರಡನೆಯದೇ ಹೆಚ್ಚು ಕೆಲಸ ಮಾಡಿತು.

ಈಗ ಆಪ್ ಸಾಲ ತೀರಿದೆ. ಕಾರ್ಡಿನ ಬಾಕಿ ಕಂತಿನಲ್ಲಿ ಇಳಿಯುತ್ತಿದೆ, ನಿದ್ದೆ ಮೊದಲಿಗಿಂತ ವಾಸಿ. ಇನ್ನೊಂದು ವಿಷಯ ಬಾಕಿ ಇದೆ. ಅವರ ತಮ್ಮ ಆಗಾಗ ದುಡ್ಡು ಕೇಳುತ್ತಾನೆ, ಇಲ್ಲ ಎನ್ನಲು ಇವರಿಗೆ ಬಾಯಿ ಬರುವುದಿಲ್ಲ. ಕೈಗಡ ಪಡೆದದ್ದೇ ಅವನಿಗೆ ಕೊಡಲು. "ಈಗ ನನ್ನ ಹತ್ರ ಆಗಲ್ಲ ಕಣೋ, ಆದಾಗ ನಾನೇ ಹೇಳ್ತೀನಿ" ಎಂಬ ಮಾತನ್ನು ನಾವು ಅಭ್ಯಾಸ ಮಾಡುತ್ತಿದ್ದೇವೆ. ಕಾರಣ ವಿವರಿಸಲು ಹೋಗಬೇಡಿ ಎಂದಿದ್ದೇನೆ. ವಿವರಿಸಿದಷ್ಟೂ ಅವನು ಚೌಕಾಸಿ ಮಾಡುತ್ತಾನೆ, ಇವರು ಸೋಲುತ್ತಾರೆ. ಮುಂದಿನ ಭೇಟಿಯೊಳಗೆ ಒಮ್ಮೆ ಹೇಳಿ ನೋಡುತ್ತೇನೆ ಎಂದು ಒಪ್ಪಿಕೊಂಡು ಹೋಗಿದ್ದಾರೆ.