ಕೆಳತುಟಿಯ ಕುಳಿಗಳು ಮತ್ತು ಎರಡನೆಯ ಮಗುವಿನ ಚಿಂತೆ

ಪ್ರಶ್ನೆ: ನನ್ನ ಮಗಳು ಹುಟ್ಟುವಾಗಲೇ ತುಟಿ ಮತ್ತು ಅಂಗುಳ ಎರಡೂ ಸೀಳಿದ್ದವು. ಶಸ್ತ್ರಚಿಕಿತ್ಸೆಗಳಾಗಿ ಈಗ ಚೆನ್ನಾಗಿದ್ದಾಳೆ. ನನ್ನ ಪತಿ ನನಗೆ ಸೋದರಮಾವ. ಸಂಬಂಧದಲ್ಲಿ ಮದುವೆಯಾದದ್ದೇ ಕಾರಣವೆಂದು ಕೆಲವರು ಹೇಳಿದರೆ, ಅತ್ತೆಯೂ ಆಗಿರುವ ನನ್ನ ಅಜ್ಜಿ, ಗ್ರಹಣದ ದಿನ ನಾನು ತರಕಾರಿ ಹೆಚ್ಚಿದ್ದರಿಂದ ಹೀಗಾಯಿತೆನ್ನುತ್ತಾರೆ. ಪತಿಯ ಕೆಳತುಟಿಯಲ್ಲಿ ಹುಟ್ಟಿನಿಂದ ಎರಡು ಚಿಕ್ಕ ಕುಳಿಗಳಿರುವುದನ್ನು ಬಿಟ್ಟರೆ ಅವರಿಗೆ ಯಾವ ತೊಂದರೆಯೂ ಇಲ್ಲ. ಎರಡನೆಯ ಮಗುವಿಗೂ ಹೀಗಾಗಬಹುದೇ?
– ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ನೀವು ಕೊನೆಯಲ್ಲಿ ಹೇಳಿರುವ ಆ ಕುಳಿಗಳೇ ನಿಮ್ಮ ಪತ್ರದ ಅತಿ ಮುಖ್ಯ ಸಂಗತಿ. ಕೆಳತುಟಿಯ ನಡುಭಾಗದ ಎರಡೂ ಬದಿಗೆ ಹುಟ್ಟಿನಿಂದ ಇರುವ ಇಂಥ ಕುಳಿಗಳು ವಾನ್ ಡರ್ ವೂಡ್ ಸಿಂಡ್ರೋಮ್ ಎಂಬ ಆನುವಂಶಿಕ ಸ್ಥಿತಿಯ ಗುರುತಾಗಿರಬಹುದು. ಬಹುಪಾಲು ಕುಟುಂಬಗಳಲ್ಲಿ ಇದಕ್ಕೆ ಕಾರಣವಾಗುವ ಐಆರ್‌ಎಫ್6 ಎಂಬ ಜೀನ್ 2002ರಲ್ಲಿ ಪತ್ತೆಯಾಯಿತು. ಈ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೂ ಸಾಕು, ಪ್ರತಿಯೊಂದು ಗರ್ಭದಲ್ಲೂ ಅದು ಮಗುವಿಗೆ ದಾಟುವ ಸಾಧ್ಯತೆ ಶೇಕಡಾ 50ರಷ್ಟಿರುತ್ತದೆ. ಆದರೆ ಅದು ಎಲ್ಲರಲ್ಲೂ ಒಂದೇ ಬಗೆಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಒಂದೇ ಮನೆಯಲ್ಲಿ ಒಬ್ಬರಿಗೆ ಬರೀ ಕುಳಿಗಳು, ಇನ್ನೊಬ್ಬರಿಗೆ ಸೀಳು ತುಟಿ, ಮತ್ತೊಬ್ಬರಿಗೆ ಸೀಳು ಅಂಗುಳ ಇರಬಹುದು, ಮಗದೊಬ್ಬರಿಗೆ ಮೇಲ್ನೋಟಕ್ಕೆ ಏನೂ ಇಲ್ಲದಿರಬಹುದು. ನಿಮ್ಮ ಪತಿ ನಿಮ್ಮ ತಾಯಿಯ ಸಹೋದರರಾದ್ದರಿಂದ ಮಗಳ ತುಟಿಯನ್ನಷ್ಟೇ ಅಲ್ಲ, ನಿಮ್ಮದನ್ನೂ ನಿಮ್ಮ ತಾಯಿಯದನ್ನೂ ವೈದ್ಯರು ಪರೀಕ್ಷಿಸುವುದು ಒಳ್ಳೆಯದು.

ಒಂದೇ ಪ್ರತಿಯಿಂದ ಬರುವ ಸ್ಥಿತಿ ಇದಾಗಿದ್ದಲ್ಲಿ, ನಿಮ್ಮ ಪತಿ ಹೊರಗಿನ ಹೆಣ್ಣನ್ನು ಮದುವೆಯಾಗಿದ್ದರೂ ಮಗುವಿಗೆ ಇದೇ ಅಪಾಯವಿರುತ್ತಿತ್ತು. ಸೋದರಸಂಬಂಧದ ಮದುವೆಯಲ್ಲಿ ಬೇರೆ ಕೆಲವು ಆನುವಂಶಿಕ ರೋಗಗಳ ಅಪಾಯ ಹೆಚ್ಚುವುದು ನಿಜ, ಆದರೆ ಇಲ್ಲಿ ದೂಷಣೆಯನ್ನು ಅದರ ಮೇಲೆ ಹೊರಿಸಲಾಗದು. ಗ್ರಹಣಕ್ಕೂ ಈಳಿಗೆಮಣೆಗೂ ಇದರಲ್ಲಿ ಯಾವ ಪಾತ್ರವೂ ಇಲ್ಲ. ಅನೇಕ ಹೆಂಗಸರಿಗೆ ತಾವು ಗರ್ಭಿಣಿಯೆಂಬುದು ಆಗತಾನೇ ತಿಳಿಯುತ್ತಿರುವ ಏಳನೆಯ ವಾರದ ಹೊತ್ತಿಗೇ ಮೇಲ್ದುಟಿ ಕೂಡಿಕೊಂಡಿರುತ್ತದೆ.

ಪರೀಕ್ಷೆಯಲ್ಲಿ ಈ ಸಿಂಡ್ರೋಮ್ ಇಲ್ಲವೆಂದಾದರೆ ಲೆಕ್ಕವೇ ಬೇರೆ. ಜಗತ್ತಿನಲ್ಲಿ ಸುಮಾರು 700 ಮಕ್ಕಳಲ್ಲಿ ಒಂದಕ್ಕೆ ಇರುವ ಸೀಳುಗಳಲ್ಲಿ ಹೆಚ್ಚಿನವು, ತಲಾ ಅಲ್ಪ ಪ್ರಭಾವ ಬೀರುವ ಹಲವು ಜೀನುಗಳೊಂದಿಗೆ ಧೂಮಪಾನ, ತಾಯಿಯ ಮಧುಮೇಹ, ಅಪಸ್ಮಾರಕ್ಕೆ ಕೊಡುವ ವ್ಯಾಲ್‌ಪ್ರೊಯೇಟ್‌ನಂಥ ಔಷಧಗಳು ಕೂಡಿ ಆಗುವಂಥವು. ಅಂಥ ಕುಟುಂಬಗಳಲ್ಲಿ ಮರುಕಳಿಸುವ ಸಾಧ್ಯತೆ ಸಾಮಾನ್ಯವಾಗಿ ಶೇಕಡಾ 3ರಿಂದ 5.

ಆದ್ದರಿಂದ ಮತ್ತೆ ಗರ್ಭ ಧರಿಸುವ ಮೊದಲೇ ವೈದ್ಯಕೀಯ ತಳಿಶಾಸ್ತ್ರ ವಿಭಾಗವಿರುವ ಆಸ್ಪತ್ರೆಯಲ್ಲಿ ಮಗಳ ಮತ್ತು ಪತಿಯ ರಕ್ತಪರೀಕ್ಷೆ ಮಾಡಿಸಿ. ಗರ್ಭಧಾರಣೆಗೆ ಕನಿಷ್ಠ ಒಂದು ತಿಂಗಳ ಮೊದಲಿನಿಂದ ಫೋಲಿಕ್ ಆಮ್ಲ ಸೇವಿಸಬೇಕು, ಪ್ರಮಾಣವನ್ನು ವೈದ್ಯರೇ ನಿರ್ಧರಿಸಲಿ; ಅದು ಜೀನಿನ ದೋಷವನ್ನು ಸರಿಪಡಿಸುವುದಿಲ್ಲ. 18ರಿಂದ 20ನೆಯ ವಾರದ ಸ್ಕ್ಯಾನಿಂಗ್‌ನಲ್ಲಿ ತುಟಿಯ ಸೀಳು ಸಾಮಾನ್ಯವಾಗಿ ಕಾಣುತ್ತದೆ, ಅಂಗುಳವಷ್ಟೇ ಸೀಳಿದ್ದರೆ ಹಲವು ಬಾರಿ ತಪ್ಪಿಹೋಗುತ್ತದೆ. ಮಗಳ ವರದಿಯನ್ನು ಜೋಪಾನವಾಗಿಡಿ, ಏಕೆಂದರೆ ಅವಳಲ್ಲಿ ಈ ದೋಷವಿದ್ದರೆ ಮುಂದೆ ಅವಳ ಮಕ್ಕಳಿಗೂ ಅದು ಶೇಕಡಾ 50ರ ಸಾಧ್ಯತೆಯಲ್ಲಿಯೇ ದಾಟಬಹುದು.