ಫಾರ್ಮ್ಯಾಟ್ ಮಾಡಿಸುವ ಮೊದಲು ಆ ಪರದೆಯ ಫೋಟೋ ತೆಗೆಯಿರಿ

ವಿಂಡೋಸ್ 10ರಿಂದ 11ಕ್ಕೆ ಹೋದ ಮೇಲೆ ಲ್ಯಾಪ್‌ಟಾಪ್ ದಿನಕ್ಕೆ ಎರಡು ಮೂರು ಸಲ ನೀಲಿ ಪರದೆ ತೋರಿಸಿ ತಾನಾಗೇ ರೀಸ್ಟಾರ್ಟ್ ಆಗುತ್ತಿದೆ, ಅಂಗಡಿಯವರು ಫಾರ್ಮ್ಯಾಟ್ ಮಾಡಿಸಿ ಅನ್ನುತ್ತಿದ್ದಾರೆ, ಮಾಡಿಸಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಫಾರ್ಮ್ಯಾಟ್ ಮಾಡಿದರೆ ಕಾರಣದ ಗುರುತೂ ಅಳಿಸಿಹೋಗುತ್ತದೆ. ತೊಂದರೆ ಹಾರ್ಡ್‌ವೇರಿನದಾಗಿದ್ದರೆ ದುಡ್ಡೂ ಹೋಯಿತು, ನಾಲ್ಕು ದಿನಕ್ಕೆ ಮತ್ತೆ ಅದೇ ಪರದೆ.

ಮೊದಲು ಫೋಟೋ, ಲೆಕ್ಕಪತ್ರ, ಮುಖ್ಯವಾದ ಫೈಲುಗಳನ್ನೆಲ್ಲ ಹೊರಗಿನ ಡ್ರೈವ್‌ಗೆ ಹಾಕಿಕೊಳ್ಳಿ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಆಗಿದೆಯಾ ನೋಡಿ. ಆಗಿದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ. ಮುಂದೆ ಯಾವಾಗಲಾದರೂ ಬಯಾಸ್ (ಕಂಪ್ಯೂಟರ್ ಆನ್ ಮಾಡಿದಾಗ ಮೊದಲು ಓಡುವ ಒಳಗಿನ ಪ್ರೋಗ್ರಾಂ) ಅಪ್‌ಡೇಟ್ ಮಾಡುವಾಗ ಅದು 48 ಅಂಕಿಯ ಆ ಕೀ ಕೇಳಬಹುದು. ಆಗ ಹುಡುಕುತ್ತಾ ಕೂತರೆ ಕಷ್ಟ.

ಮುಂದಿನ ಸಲ ಕ್ರ್ಯಾಶ್ ಆದಾಗ ಮೊಬೈಲಿನಲ್ಲಿ ಪರದೆಯ ಫೋಟೋ ತೆಗೆಯಿರಿ. (ಇತ್ತೀಚಿನ ಅಪ್‌ಡೇಟ್ ಇದ್ದರೆ ನೀಲಿಯ ಬದಲು ಕಪ್ಪು ಪರದೆ ಬರುತ್ತದೆ, ವಿಷಯ ಅದೇ.) ಅದರಲ್ಲಿ ಸ್ಟಾಪ್ ಕೋಡ್ ಅಂತ ಒಂದು ಸಾಲು ಇರುತ್ತದೆ. ಎರಡು ಮೂರು ಕ್ರ್ಯಾಶ್‌ಗಳ ಕೋಡ್ ಸಿಕ್ಕಿದರೆ ಅರ್ಧ ಕೆಲಸ ಮುಗಿದ ಹಾಗೆ. ಪ್ರತಿ ಸಲ ಒಂದೇ ಕೋಡ್ ಬಂದರೆ ಮೊದಲ ಅನುಮಾನ ಯಾವುದೋ ಒಂದು ಡ್ರೈವರ್ (ಒಳಗಿನ ಒಂದೊಂದು ಭಾಗವನ್ನು ವಿಂಡೋಸ್ ಜೊತೆ ಜೋಡಿಸುವ ಪ್ರೋಗ್ರಾಂ) ಮೇಲೆ. ದಿನಕ್ಕೊಂದು ಕೋಡ್ ಬಂದರೆ ನಾನು ಮೊದಲು ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್ ಪರೀಕ್ಷೆ ಮಾಡುತ್ತೇನೆ.

ಇದನ್ನು ನಾನು ಕಲಿತದ್ದು ಏಟು ತಿಂದು. ನನ್ನ ಡೆಸ್ಕ್‌ಟಾಪ್‌ಗೆ 11 ಹಾಕಿದ ಮರುದಿನದಿಂದಲೇ ಕ್ರ್ಯಾಶ್ ಶುರು. ಸ್ಟಾಪ್ ಕೋಡ್ ಒಂದು ದಿನ ಮೆಮೊರಿ ಮ್ಯಾನೇಜ್‌ಮೆಂಟ್, ಇನ್ನೊಂದು ದಿನ ಪೇಜ್ ಫಾಲ್ಟ್, ಮತ್ತೊಂದು ದಿನ ಐಆರ್‌ಕ್ಯೂಎಲ್. ನಾನು ಹೊಸ ವಿಂಡೋಸನ್ನು ಬೈಯುತ್ತಾ ಒಂದು ವಾರ ಡ್ರೈವರ್‌ಗಳನ್ನು ತೆಗೆದೆ, ಹಾಕಿದೆ. ಕೊನೆಗೆ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಪೆನ್ ಡ್ರೈವ್‌ಗೆ ಹಾಕಿ ಅದರಿಂದ ಬೂಟ್ ಮಾಡಿ ರಾತ್ರಿ ಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಪರದೆ ತುಂಬ ತಪ್ಪು ತೋರಿಸುವ ಕೆಂಪು ಸಾಲು. ಆಮೇಲೆ ಹೊಳೆಯಿತು: ಅಪ್‌ಗ್ರೇಡ್ ಮಾಡುವ ಹಿಂದಿನ ದಿನ ಜಾಗ ಸಾಲದು ಅಂತ ಡಬ್ಬ ಬಿಚ್ಚಿ ಹೊಸ ಎಸ್‌ಎಸ್‌ಡಿ ಕೂರಿಸಿದ್ದೆ. ಆಗ ಕೈ ತಾಗಿ ರ‍್ಯಾಮ್ ಒಂದು ಕಡೆ ಸ್ವಲ್ಪ ಮೇಲೆದ್ದಿತ್ತು! ತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಕ್ಲಿಪ್ ಟಕ್ ಅನ್ನುವವರೆಗೆ ಒತ್ತಿ ಕೂರಿಸಿದೆ. ಕ್ರ್ಯಾಶ್ ಅವತ್ತಿಗೇ ನಿಂತಿತು. ವಿಂಡೋಸ್ ಸುಮ್ನೆ ಬೈಸಿಕೊಂಡಿತ್ತು.

ಮೆಮ್‌ಟೆಸ್ಟ್‌ನಲ್ಲಿ ಒಂದೇ ಒಂದು ತಪ್ಪು ಬಂದರೂ ಅದು ತಪ್ಪೇ. "ಒಂದು ತಾನೇ" ಅಂತ ಬಿಡಬೇಡಿ. ವಿಂಡೋಸ್ ಜೊತೆಗೇ ಬರುವ ಮೆಮೊರಿ ಡಯಾಗ್ನೋಸ್ಟಿಕ್ ಕೂಡ ಇದೆ, ಆದರೆ ಅದು ಎಲ್ಲವನ್ನೂ ಹಿಡಿಯುವುದಿಲ್ಲ.

ನಿಮ್ಮದು ಲ್ಯಾಪ್‌ಟಾಪ್, ಜೊತೆಗೆ ಅಪ್‌ಗ್ರೇಡ್ ದಿನವೇ ಶುರುವಾಗಿದೆ ಅನ್ನುತ್ತೀರಿ. ಹಾಗಾಗಿ ಡ್ರೈವರ್ ಅನುಮಾನವೇ ಜಾಸ್ತಿ. ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಹಿಸ್ಟರಿ ಅಂತ ಹುಡುಕಿ. ದಿನದ ಲೆಕ್ಕದಲ್ಲಿ ಒಂದು ಗ್ರಾಫ್ ಬರುತ್ತದೆ. ಕ್ರ್ಯಾಶ್ ಆದ ದಿನ ಕೆಂಪು ಗುರುತು. ಯಾವ ದಿನ ಯಾವ ಪ್ರೋಗ್ರಾಂ, ಯಾವ ಡ್ರೈವರ್ ಇನ್‌ಸ್ಟಾಲ್ ಆಯಿತು ಅನ್ನುವುದೂ ಅಲ್ಲೇ ಇರುತ್ತದೆ. ಎಷ್ಟೋ ಜನಕ್ಕೆ ಇದು ಇರುವುದೇ ಗೊತ್ತಿಲ್ಲ. ಇವೆಂಟ್ ವ್ಯೂವರ್ (ವಿಂಡೋಸ್ ತನ್ನ ಘಟನೆಗಳನ್ನು ಬರೆದಿಡುವ ಪಟ್ಟಿ) ತೆರೆದು ಕರ್ನಲ್ ಪವರ್ 41 ಅನ್ನುವ ದಾಖಲೆ ನೋಡಿ ಗಾಬರಿಯಾಗುವವರೇ ಹೆಚ್ಚು. ಆ 41 ಹೇಳುವುದು ಇಷ್ಟೇ: ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ. ಅದು ನಿಮಗೂ ಗೊತ್ತು, ಅಲ್ವಾ?

ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನೊಳಗೆ ಮಿನಿಡಂಪ್ ಅನ್ನುವ ಫೋಲ್ಡರ್ ಇದೆ. ಕ್ರ್ಯಾಶ್ ಆದಾಗಲೆಲ್ಲ ಅಲ್ಲೊಂದು ಫೈಲ್ ಉಳಿಯುತ್ತದೆ. ಬ್ಲೂಸ್ಕ್ರೀನ್‌ವ್ಯೂ ಅನ್ನುವ ಉಚಿತ ಪುಟ್ಟ ಪ್ರೋಗ್ರಾಂನಲ್ಲಿ ಅದನ್ನು ತೆರೆದರೆ ಯಾವ ಡ್ರೈವರ್ ಮೇಲೆ ಅನುಮಾನ ಅಂತ ತೋರಿಸುತ್ತದೆ. ಎನ್‌ಟಿಒಎಸ್‌ಕೆಆರ್‌ಎನ್‌ಎಲ್ ಅಂತ ಹೆಸರು ಬಂದರೆ ಮಾತ್ರ ಅದನ್ನೇ ಅಪರಾಧಿ ಅಂತ ನಂಬಬೇಡಿ. ಅದು ವಿಂಡೋಸ್‌ನ ಕರ್ನಲ್, ಅಂದರೆ ತಿರುಳು. ಬೇರೆ ಯಾರೋ ಮಾಡಿದ ತಪ್ಪು ಎಷ್ಟೋ ಸಲ ಅದರ ಹೆಸರಿನಲ್ಲಿ ದಾಖಲಾಗುತ್ತದೆ.

ಹೆಸರು ಸಿಗಲಿ ಬಿಡಲಿ, ಲ್ಯಾಪ್‌ಟಾಪ್ ಮಾಡಿದ ಕಂಪನಿಯ ಸೈಟಿಗೆ ಹೋಗಿ ನಿಮ್ಮ ಮಾಡೆಲ್ ನಂಬರ್ ಹಾಕಿ. ವಿಂಡೋಸ್ 11ಕ್ಕೆ ಅಂತ ಕೊಟ್ಟಿರುವ ಚಿಪ್‌ಸೆಟ್, ಗ್ರಾಫಿಕ್ಸ್, ವೈಫೈ ಡ್ರೈವರ್‌ಗಳನ್ನು ಒಂದೊಂದಾಗಿ ಹಾಕಿ, ನಡುವೆ ಒಂದು ದಿನ ಬಿಟ್ಟು ನೋಡಿ. ಎಲ್ಲ ಒಟ್ಟಿಗೆ ಹಾಕಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ. ಡ್ರೈವರ್ ಅಪ್‌ಡೇಟ್ ಮಾಡಿಕೊಡುತ್ತೇವೆ ಅನ್ನುವ ಆ್ಯಪ್‌ಗಳ ಸಹವಾಸ ಬೇಡ. ಹಳೆಯ ಆ್ಯಂಟಿವೈರಸ್ ಇದ್ದರೆ ಅದನ್ನು ಪೂರ್ತಿ ತೆಗೆದು ನೋಡಿ. ಅದು ಕರ್ನಲ್ ಮಟ್ಟದಲ್ಲಿ ಕೈ ಹಾಕಿರುತ್ತದೆ, ಸದ್ಯಕ್ಕೆ ವಿಂಡೋಸ್‌ನ ಡಿಫೆಂಡರ್ ಸಾಕು.

ಅಪ್‌ಗ್ರೇಡ್ ಮಾಡಿ ಇನ್ನೂ 10 ದಿನ ದಾಟಿಲ್ಲ ಅಂದರೆ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ರಿಕವರಿ, ಗೋ ಬ್ಯಾಕ್ ಒತ್ತಿ 10ಕ್ಕೆ ವಾಪಸ್ ಹೋಗಬಹುದು. ಜಾಗ ಉಳಿಸಲು ವಿಂಡೋಸ್ ಓಲ್ಡ್ ಅನ್ನುವ, ಹಳೆಯ ವಿಂಡೋಸ್ ಉಳಿದಿರುವ ಫೋಲ್ಡರನ್ನು ಈಗಾಗಲೇ ಅಳಿಸಿದ್ದರೆ ಆ ದಾರಿ ಮುಚ್ಚಿತು. 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಆದ್ದರಿಂದ ಅಲ್ಲೇ ಉಳಿಯುವ ಯೋಚನೆ ಬೇಡ. ಆದರೆ ಪರೀಕ್ಷೆಗೆ ಒಳ್ಳೆಯದು. 10ಕ್ಕೆ ಹೋದ ಮೇಲೂ ಕ್ರ್ಯಾಶ್ ಆದರೆ ತೊಂದರೆ ಅಪ್‌ಗ್ರೇಡಿನದಲ್ಲ, ಒಳಗಿನ ಸಾಮಾನಿನದು.

ಎರಡು ಮೂರು ಫೋಟೋ ಸಿಕ್ಕಿದ ಮೇಲೆ ಸ್ಟಾಪ್ ಕೋಡ್, ಲ್ಯಾಪ್‌ಟಾಪ್ ಮಾಡೆಲ್ ಎರಡನ್ನೂ ಇಲ್ಲೇ ಬರೆಯಿರಿ. ನೋಡಿ ಹೇಳುತ್ತೇನೆ.